ಕಟ್ಟಡದ ಕಚೇರಿಗೆ ಬಿಮ್ ಬಂದರೆ ಏನೇನು ಬದಲಾಗಬೇಕು?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಕೆಲಸದಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಬೇಸ್‌ಮೆಂಟಿನ ಮೇಲಿನ ಸ್ಲ್ಯಾಬ್ ಹಾಕಿ, ಸೆಂಟ್ರಿಂಗ್ ಬಿಚ್ಚಿ ವಾರವಾಗಿತ್ತು. ಪ್ಲಂಬಿಂಗ್ ಮೇಸ್ತ್ರಿ ಏಣಿ ಹತ್ತಿ ಟೇಪು ಹಿಡಿದು ನೋಡಿದವರು ಅಲ್ಲಿಂದಲೇ ಕೂಗಿದರು: "ಸಾರ್, ಡ್ರಾಯಿಂಗಲ್ಲಿ ಪೈಪು ಇಲ್ಲೇ ಹೋಗ್ಬೇಕು ಅಂತಿದೆ. ಇಲ್ಲಿ ನೋಡಿದ್ರೆ ಬೀಮು, ಅದರ ಕೆಳಗೆ ಡಕ್ಟು. ಎಲ್ಲಿ ತಗೊಂಡ್ಹೋಗ್ಲಿ?"

ನೆಲದ ಮೇಲೇ ಮೂರು ಡ್ರಾಯಿಂಗ್ ಹರಡಿಕೊಂಡು ಲೆಕ್ಕ ಹಾಕಿದೆವು. ಅಂತಸ್ತಿನ ಎತ್ತರ 3.6 ಮೀಟರ್. ಸ್ಲ್ಯಾಬ್ ಸೇರಿ ಬೀಮಿನ ಆಳ 750 ಮಿಲಿಮೀಟರ್. ಅದರ ಕೆಳಗೆ ಗಾಳಿಯ ಡಕ್ಟು 400. ಅಲ್ಲಿಗೆ ಉಳಿದದ್ದು 2.45 ಮೀಟರ್. ಕಾರು ನಿಲ್ಲುವ ಜಾಗದಲ್ಲಿ 2.4 ಮೀಟರ್ ಖಾಲಿ ಎತ್ತರ ಬಿಡಬೇಕಿತ್ತು. ಅಂದರೆ ಕೊಳಚೆ ಪೈಪಿಗೆ ಸಿಕ್ಕಿದ್ದು ಎರಡು ಇಂಚು ಜಾಗ. ಪೈಪೇ ಆರು ಇಂಚಿನದು, ಜೊತೆಗೆ ಅದಕ್ಕೆ ಇಳಿಜಾರು ಬೇರೆ ಕೊಡಬೇಕು.

ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಎರಡು ಕಡೆ ಬೀಮಿಗೆ ತೂತು ಕೊರೆಯಲು ಒಪ್ಪಿದರು, ಮೂರನೇ ಕಡೆ ಕಡ್ಡಾಯವಾಗಿ ಬೇಡ ಅಂದರು. ಕೋರ್ ಕಟಿಂಗ್‌ನವರನ್ನು ಕರೆಸಿ, ಪೈಪಿನ ದಾರಿ ಬದಲಿಸಿ, ಮಾಡಿಟ್ಟಿದ್ದ ಡಕ್ಟನ್ನು ವಾಪಸ್ ಕಳಿಸಿ ಮತ್ತೆ ಮಾಡಿಸುವ ಹೊತ್ತಿಗೆ ಒಂಬತ್ತು ದಿನ ಹೋಯಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗ್ ಸಲಹೆಗಾರರು ಮೂವರೂ ತಂತಮ್ಮ ಹಾಳೆಯಲ್ಲಿ ಸರಿಯಾಗಿಯೇ ಬರೆದಿದ್ದರು. ಮೂರು ಹಾಳೆಗಳನ್ನು ಒಂದರ ಮೇಲೊಂದಿಟ್ಟು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಈ ತೊಂದರೆಗೆ ಮದ್ದು ಅಂತ ಈಗ ಎಲ್ಲರೂ ಹೇಳುವ ಹೆಸರು ‘ಬಿಮ್’, ಅಂದರೆ ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಪದ್ಧತಿ. ಮೆಟ್ರೊ, ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆಗಳ ಟೆಂಡರ್ ಕಾಗದಗಳಲ್ಲಿ ಬಿಮ್ ಷರತ್ತು ಕಾಣಿಸಿಕೊಳ್ಳುತ್ತಿದೆ. ನಾಗಪುರ ಮೆಟ್ರೊ ಇದನ್ನು ವೆಚ್ಚ ಮತ್ತು ವೇಳಾಪಟ್ಟಿಗೂ ಜೋಡಿಸಿ ಬಳಸಿತು. ಅಮೆರಿಕ, ಬ್ರಿಟನ್ನಿನ ಕಟ್ಟಡಗಳಿಗೆ ಬಿಮ್ ಮಾದರಿ ಮಾಡಿಕೊಡುವ ಕಚೇರಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ನಮ್ಮ ಎಂಜಿನಿಯರಿಂಗ್, ಡಿಪ್ಲೊಮಾ ಓದಿದ ಹುಡುಗ ಹುಡುಗಿಯರು ಅಲ್ಲಿ ದುಡಿಯುತ್ತಿದ್ದಾರೆ. ಆದರೂ ಇಲ್ಲಿನ ಮಧ್ಯಮ ಗಾತ್ರದ ಗುತ್ತಿಗೆದಾರರು ಇದನ್ನು ತಂದುಕೊಳ್ಳಲು ಹೋಗಿ ಕೈಸುಟ್ಟುಕೊಂಡದ್ದನ್ನು ಹತ್ತಿರದಿಂದ ನೋಡಿದ್ದೇನೆ. ಹಾಗೆ ಆಗುವುದು ಏಕೆ, ಆಗದಿರಲು ಕೆಲಸದ ಕ್ರಮದಲ್ಲಿ ಏನೇನು ಬದಲಾಗಬೇಕು ಎಂಬುದನ್ನು ಬುಡದಿಂದ ನೋಡೋಣ.

ಗೆರೆ ಬೇರೆ, ಗೋಡೆ ಬೇರೆ

ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಎಂಬುದರ ಮೊದಲ ಅಕ್ಷರಗಳು ಸೇರಿ ಬಿಮ್. ಕಟ್ಟಡವನ್ನು ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಒಮ್ಮೆ ಕಟ್ಟಿ, ಅದರ ಒಂದೊಂದು ಭಾಗಕ್ಕೂ ಅದರ ವಿವರವನ್ನು ಜೋಡಿಸಿಡುವ ಪದ್ಧತಿ ಇದು.

ಕಂಪ್ಯೂಟರಿನಲ್ಲಿ ಬರೆಯುವ ಮಾಮೂಲಿ ಡ್ರಾಯಿಂಗಿನಲ್ಲಿ, ಅಂದರೆ ಕ್ಯಾಡ್‌ನಲ್ಲಿ, ಗೋಡೆ ಅಂದರೆ ಪಕ್ಕಪಕ್ಕದ ಎರಡು ಗೆರೆ. ಅದು ಗೋಡೆ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಬಿಮ್ ಮಾದರಿಯಲ್ಲಿ ಅದು ಗೋಡೆಯೇ. 200 ಮಿಲಿಮೀಟರ್ ದಪ್ಪ, ಸಾಲಿಡ್ ಬ್ಲಾಕಿನದು, ಇಷ್ಟು ಎತ್ತರ, ಎರಡೂ ಬದಿ ಗಾರೆ, ನಡುವೆ ಇಂಥ ಬಾಗಿಲು ಎಂಬುದೆಲ್ಲ ಅದರ ಜೊತೆಗೇ ಇರುತ್ತದೆ. ಗೋಡೆಯನ್ನು ಒಂದು ಅಡಿ ಸರಿಸಿದರೆ ಬಾಗಿಲೂ ಸರಿಯುತ್ತದೆ. ಪ್ಲಾನು, ಸೆಕ್ಷನ್ನು, ಬ್ಲಾಕಿನ ಲೆಕ್ಕ ಎಲ್ಲವೂ ತಾವಾಗಿಯೇ ಬದಲಾಗುತ್ತವೆ.

ಜಮೀನಿನ ಕಾಗದಪತ್ರ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಸರ್ವೆ ನಕ್ಷೆ ಒಂದು ಕಡೆ, ಪಹಣಿ ಇನ್ನೊಂದು ಕಡೆ. ನಕ್ಷೆಯಲ್ಲಿ ಆಕಾರ, ಪಹಣಿಯಲ್ಲಿ ಯಾರದು, ಎಷ್ಟು ಎಕರೆ, ಏನು ಬೆಳೆ ಎಂಬ ವಿವರ. ಎರಡೂ ತಾಳೆಯಾಗದಿದ್ದರೆ ಆಗುವ ಫಜೀತಿ ಏನೆಂಬುದು ಪೋಡಿಗಾಗಿ ತಾಲ್ಲೂಕು ಕಚೇರಿಗೆ ಅಲೆದ ಯಾವ ರೈತನಿಗಾದರೂ ಗೊತ್ತು. ನಕ್ಷೆಯ ಮೇಲೆ ಬೆರಳಿಟ್ಟರೆ ಅಲ್ಲೇ ಪಹಣಿ ತೆರೆದುಕೊಂಡು, ಪಹಣಿ ತಿದ್ದಿದರೆ ನಕ್ಷೆಯೂ ತಿದ್ದಿಕೊಳ್ಳುವಂತಿದ್ದರೆ ಹೇಗಿರುತ್ತಿತ್ತು? ಕಟ್ಟಡದ ಮಟ್ಟಿಗೆ ಬಿಮ್ ಅಂಥದ್ದು.

ಮಾದರಿಗೆ ವೇಳಾಪಟ್ಟಿ ಜೋಡಿಸಿದರೆ ಅದನ್ನು 4ಡಿ ಅನ್ನುತ್ತಾರೆ: ಯಾವ ತಿಂಗಳು ಕಟ್ಟಡ ಎಲ್ಲಿಯವರೆಗೆ ಎದ್ದಿರುತ್ತದೆ ಎಂಬುದನ್ನು ಪರದೆಯ ಮೇಲೆ ನೋಡಬಹುದು. ಖರ್ಚನ್ನೂ ಜೋಡಿಸಿದರೆ 5ಡಿ.

ವಿಚಾರ ಹೊಸದೇನಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲೇ ಡ್ರಾಯಿಂಗುಗಳ ಬದಲು ಕಂಪ್ಯೂಟರಿನಲ್ಲಿ ಇಡೀ ಕಟ್ಟಡದ ವಿವರಣೆಯನ್ನೇ ಇಡಬಹುದು ಎಂದು ಬರೆದಿದ್ದರು. 80ರ ದಶಕದಲ್ಲಿ ಹಂಗೆರಿಯಿಂದ ಆರ್ಕಿಕ್ಯಾಡ್ ಎಂಬ ಸಾಫ್ಟ್‌ವೇರ್ ಬಂತು. 2000ದಲ್ಲಿ ಮಾರುಕಟ್ಟೆಗೆ ಬಂದ ಇನ್ನೊಂದು ಸಾಫ್ಟ್‌ವೇರ್ ರೆವಿಟ್ ಅನ್ನು 2002ರಲ್ಲಿ ಆಟೊಡೆಸ್ಕ್ ಕಂಪನಿ ಕೊಂಡುಕೊಂಡಿತು. ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮಾತುಕತೆ ಸಾಧ್ಯವಾಗಲೆಂದು ಐಎಫ್‌ಸಿ ಎಂಬ ಸಾಮಾನ್ಯ ಕಡತ ರೂಪವನ್ನೂ ಮಾಡಿಕೊಂಡರು. ಬ್ರಿಟನ್ ಸರ್ಕಾರ 2011ರಲ್ಲಿ ಘೋಷಿಸಿ, ಕೇಂದ್ರ ಸರ್ಕಾರದ ಕಾಮಗಾರಿಗಳಿಗೆಲ್ಲ 2016ರಿಂದ ಬಿಮ್ ಕಡ್ಡಾಯ ಮಾಡಿತು. ಆ ಐದು ವರ್ಷದ ಗಡುವನ್ನು ಗಮನಿಸಬೇಕು. ಸಾಫ್ಟ್‌ವೇರ್ ಕೊಳ್ಳುವುದಕ್ಕೆ ಐದು ವರ್ಷ ಬೇಡ. ಕೆಲಸ ಮಾಡುವ ರೀತಿ ಬದಲಾಗುವುದಕ್ಕೆ ಅಷ್ಟು ಬೇಕು.

ಸಾಫ್ಟ್‌ವೇರ್ ಬಂತು, ಕೆಲಸ ಹಾಗೇ ಉಳಿಯಿತು

ಬಹಳ ಕಡೆ ಆಗುವುದು ಇಷ್ಟು. ಟೆಂಡರಿನಲ್ಲಿ ಬಿಮ್ ಕೇಳಿದ್ದಾರೆ ಅಂತ ಎರಡು ಮೂರು ಲೈಸೆನ್ಸ್ ಕೊಳ್ಳುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಇರುವ ದುಬಾರಿ ಕಂಪ್ಯೂಟರ್ ಬರುತ್ತದೆ. ಸಾಫ್ಟ್‌ವೇರ್ ಕಲಿತ ಇಬ್ಬರು ಹುಡುಗರನ್ನು ತಂದು ಕಚೇರಿಯ ಮೂಲೆಯ ಕ್ಯಾಬಿನ್ನಿನಲ್ಲಿ ಕೂರಿಸುತ್ತಾರೆ. ಉಳಿದವರೆಲ್ಲ ಹಿಂದಿನಂತೆಯೇ ಡ್ರಾಯಿಂಗ್ ಬರೆದು, ಅದು ಮುಗಿದ ಮೇಲೆ ಆ ಹುಡುಗರಿಗೆ ಕಳಿಸುತ್ತಾರೆ. ಅವರು ಅದನ್ನು ನೋಡಿಕೊಂಡು ಮಾದರಿ ಮಾಡುತ್ತಾರೆ.

ಇಲ್ಲಿ ಮಾದರಿ ಕೆಲಸದ ಹಿಂದೆ ಓಡುತ್ತಿರುತ್ತದೆ. ನಾನಿದ್ದ ಇನ್ನೊಂದು ಕೆಲಸದಲ್ಲಿ ಮೂರನೇ ಮಹಡಿಯ ಪೈಪು ಬೀಮಿಗೆ ತಾಗುತ್ತದೆ ಎಂಬ ವರದಿ ನಮ್ಮ ಕೈಗೆ ಬಂದಾಗ ಐದನೇ ಮಹಡಿಗೆ ಕಂಬಿ ಕಟ್ಟುತ್ತಿದ್ದರು. ವರದಿ ಸರಿಯಾಗಿಯೇ ಇತ್ತು, ಬಣ್ಣಬಣ್ಣದ ಚಿತ್ರವೂ ಇತ್ತು. ಆ ಹೊತ್ತಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ಅಲ್ಲಿಯ ಮಾಲೀಕರಿಗೆ ಬಿಮ್ ಅಂದರೆ ದಂಡದ ಖರ್ಚು ಅಂತ ಅನಿಸಿದ್ದರೆ ಅವರನ್ನು ದೂರುವಂತಿಲ್ಲ.

ಬಾವಿಗೆ ಮೋಟಾರ್ ಇಳಿಸಿಯೂ ಗದ್ದೆಗೆ ಬಿಂದಿಗೆಯಲ್ಲೇ ನೀರು ಹೊತ್ತಂತೆ ಇದು. ಮೋಟಾರ್ ಬಂದರೆ ಕಾಲುವೆಯ ದಾರಿ ಬದಲಾಗಬೇಕು, ಯಾವ ಮಡಿಗೆ ಯಾವಾಗ ನೀರು ಎಂಬ ಸರದಿ ಬದಲಾಗಬೇಕು.

ಒಂದು ಬಾಗಿಲಿನ ಹಿಂದೆ ನಡೆದು ನೋಡಿ

ಏನು ಬದಲಿಸಬೇಕು ಅನ್ನುವ ಮೊದಲು ಈಗ ಏನು ನಡೆಯುತ್ತಿದೆ ಎಂಬುದನ್ನು ಬರೆದುಕೊಳ್ಳಬೇಕು. ಇದಕ್ಕೆ ದೊಡ್ಡ ಸಲಹೆಗಾರರೇನೂ ಬೇಕಿಲ್ಲ. ಒಂದು ಸಾಮಾನ್ಯ ವಸ್ತುವನ್ನು ಆರಿಸಿಕೊಂಡು ಅದರ ಮಾಹಿತಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಅಂತ ಹಿಂದೆ ಹಿಂದೆ ಹೋಗಿ ನೋಡಿದರೆ ಸಾಕು.

ಒಂದು ಮಲಗುವ ಕೋಣೆಯ ಬಾಗಿಲನ್ನೇ ತೆಗೆದುಕೊಳ್ಳಿ. ಆರ್ಕಿಟೆಕ್ಟ್ ಪ್ಲಾನಿನಲ್ಲಿ ಅದಕ್ಕೆ ‘ಡಿ2’ ಅಂತ ಹೆಸರಿಡುತ್ತಾರೆ. ಬೇರೊಂದು ಹಾಳೆಯ ಪಟ್ಟಿಯಲ್ಲಿ ಡಿ2ರ ಅಗಲ, ಎತ್ತರ, ಮರ ಯಾವುದು ಎಂದು ಬರೆಯುತ್ತಾರೆ. ಎಸ್ಟಿಮೇಟ್ ಮಾಡುವವರು ಪ್ಲಾನಿನ ಮೇಲೆ ಪೆನ್ಸಿಲಿನಿಂದ ಟಿಕ್ ಹಾಕುತ್ತಾ ಡಿ2 ಎಷ್ಟಿವೆ ಎಂದು ಎಣಿಸಿ ಎಕ್ಸೆಲ್‌ಗೆ ಹಾಕುತ್ತಾರೆ. ಟೆಂಡರ್ ಆದ ಮೇಲೆ ಗುತ್ತಿಗೆದಾರರ ಕಡೆಯವರು ಆ ಲೆಕ್ಕ ನಂಬದೆ ಮತ್ತೆ ಎಣಿಸುತ್ತಾರೆ. ಸೈಟ್ ಎಂಜಿನಿಯರ್ ಇಂಡೆಂಟ್ ಬರೆಯುವಾಗ ಮೂರನೇ ಸಲ. ಖರೀದಿ ವಿಭಾಗ ಅದನ್ನೇ ಆರ್ಡರಿನಲ್ಲಿ ಟೈಪ್ ಮಾಡುತ್ತದೆ. ಮರದವನು ಸೈಟಿಗೆ ಬಂದು ಗೋಡೆಯ ಕಿಂಡಿ ಅಳೆದು ತನ್ನ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಸ್ಟೋರಿನವರು ಬಂದದ್ದನ್ನು ಪುಸ್ತಕಕ್ಕೆ ಏರಿಸುತ್ತಾರೆ. ಕೊನೆಗೆ ಎಂ.ಬಿ.ಗೆ, ಅಂದರೆ ಅಳತೆ ಪುಸ್ತಕಕ್ಕೆ, ಅಲ್ಲಿಂದ ರನ್ನಿಂಗ್ ಬಿಲ್ಲಿಗೆ.

ಒಂದೇ ಬಾಗಿಲಿನ ವಿವರ ಒಂಬತ್ತು ಜಾಗದಲ್ಲಿ, ಒಂಬತ್ತು ಜನರ ಕೈಬರಹದಲ್ಲಿ. ನಡುವೆ ಮನೆ ಕೊಂಡವರು ಬಾಗಿಲಿನ ಅಗಲ ಮೂರು ಇಂಚು ಹೆಚ್ಚಿಸಲು ಕೇಳಿದರೆ ಒಂಬತ್ತೂ ಕಡೆ ತಿದ್ದಬೇಕು. ಏಳು ಕಡೆ ತಿದ್ದುತ್ತಾರೆ, ಎರಡು ಕಡೆ ಮರೆಯುತ್ತಾರೆ. ಬಾಗಿಲು ಬಂದಾಗ ಚೌಕಟ್ಟಿಗೆ ಕೂರುವುದಿಲ್ಲ.

ಇಂಥ ನಷ್ಟ ಎಷ್ಟಿರಬಹುದು? ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಅಲ್ಲಿಯ ವಾಣಿಜ್ಯ, ಕೈಗಾರಿಕೆ, ಸಂಸ್ಥೆಗಳ ಕಟ್ಟಡ ಕ್ಷೇತ್ರದಲ್ಲಿ ಒಬ್ಬರ ಮಾಹಿತಿ ಇನ್ನೊಬ್ಬರ ವ್ಯವಸ್ಥೆಗೆ ಸರಿಯಾಗಿ ದಾಟದೇ ಇರುವುದರಿಂದ ವರ್ಷಕ್ಕೆ 1,580 ಕೋಟಿ ಡಾಲರ್ ವ್ಯರ್ಥವಾಗುತ್ತಿದೆ ಎಂಬುದು ಆ ಲೆಕ್ಕ. ಅದರಲ್ಲಿ ಹೆಚ್ಚಿನ ಪಾಲು ಹೊರೆ ಬಿದ್ದದ್ದು ಕಟ್ಟಡದ ಮಾಲೀಕರ ಮೇಲೆ.

ಬಿಮ್‌ಗೆ ಸಿದ್ಧರಾಗುವುದು ಅಂದರೆ ಮೊದಲು ಈ ಒಂಬತ್ತು ನಿಲ್ದಾಣಗಳ ಪಟ್ಟಿ ಮಾಡಿ, ಯಾವುದು ಬೇಕು, ಯಾವುದು ಬೇಡ, ವಿವರವನ್ನು ಮೊದಲು ದಾಖಲಿಸುವ ಹೊಣೆ ಯಾರದು ಎಂದು ನಿರ್ಧರಿಸುವುದು. ಬಾಗಿಲಿನ ಅಳತೆಯನ್ನು ಒಬ್ಬರು ಒಂದೇ ಸಲ ಮಾದರಿಯಲ್ಲಿ ಬರೆಯಬೇಕು, ಉಳಿದ ಎಂಟು ಜನ ಅಲ್ಲಿಂದ ಓದಿಕೊಳ್ಳಬೇಕು.

ತೀರ್ಮಾನ ಮೊದಲು, ಕಾಂಕ್ರೀಟ್ ಆಮೇಲೆ

ನಮ್ಮಲ್ಲಿ ಪ್ಲಾನ್ ಮಂಜೂರಾಗಿ ಪಾಯ ತೋಡುವಾಗ ಹವಾನಿಯಂತ್ರಣದ ಸಲಹೆಗಾರರ ನೇಮಕವೇ ಆಗಿರುವುದಿಲ್ಲ. ಲಿಫ್ಟ್ ಯಾವ ಕಂಪನಿಯದು ಎಂಬುದು ಮೂರನೇ ಮಹಡಿಗೆ ಬಂದಾಗ ತೀರ್ಮಾನವಾಗುತ್ತದೆ. ಅಷ್ಟರಲ್ಲಿ ಲಿಫ್ಟಿನ ಗುಂಡಿಯ ಅಳತೆ ಕಾಂಕ್ರೀಟಿನಲ್ಲಿ ಗಟ್ಟಿಯಾಗಿರುತ್ತದೆ. ‘ಮುಂದೆ ನೋಡ್ಕೊಳ್ಳೋಣ’ ಎಂಬುದು ಸೈಟಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು.

ಬಿಮ್‌ನಲ್ಲಿ ಇದು ನಡೆಯುವುದಿಲ್ಲ. ಡಕ್ಟಿನ ಗಾತ್ರ ಗೊತ್ತಿಲ್ಲದೆ ಡಕ್ಟನ್ನು ಮಾದರಿಯಲ್ಲಿ ಇಡಲಾಗದು. ಹಾಗಾಗಿ ಸಲಹೆಗಾರರೆಲ್ಲ ಮೊದಲೇ ಬರಬೇಕು, ಕಾಂಕ್ರೀಟ್ ಸುರಿಯುವ ಮೊದಲೇ ಜಗಳವಾಡಿ ಮುಗಿಸಬೇಕು. ಅಮೆರಿಕದ ಆರ್ಕಿಟೆಕ್ಟ್ ಪ್ಯಾಟ್ರಿಕ್ ಮೆಕ್ಲೀಮಿ ಇದನ್ನೊಂದು ಗ್ರಾಫಿನಲ್ಲಿ ತೋರಿಸಿದರು. ಕೆಲಸ ಮುಂದೆ ಹೋದಂತೆ ಬದಲಾವಣೆಗೆ ತಗಲುವ ಖರ್ಚು ಏರುತ್ತದೆ, ಬದಲಾಯಿಸುವ ಅವಕಾಶ ಇಳಿಯುತ್ತದೆ. ಆದ್ದರಿಂದ ವಿನ್ಯಾಸದ ಶ್ರಮವನ್ನು ಹಿಂದಿನ ಹಂತಕ್ಕೆ ಎಳೆದುಕೊಳ್ಳಿ ಎಂಬುದು ಅದರ ಸಾರ. ಮದುವೆ ಅಡುಗೆಯ ಭಟ್ಟರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಂದಿನ ವಾರವೇ ಕೂತು ಎಷ್ಟು ಜನ, ಎಷ್ಟು ಸಿಹಿ, ತೆಂಗಿನಕಾಯಿ ಎಷ್ಟು ಎಂದು ಪಟ್ಟಿ ಬರೆಸುತ್ತಾರೆ. ಮುಹೂರ್ತದ ಹೊತ್ತಿಗೆ ಹೋಳಿಗೆ ಬೇಡ, ಜಿಲೇಬಿ ಮಾಡಿ ಅಂದರೆ ಒಲೆಯ ಮುಂದಿನಿಂದ ಎದ್ದುಬಿಡುತ್ತಾರೆ.

ಇದರಲ್ಲಿ ದುಡ್ಡಿನ ಪ್ರಶ್ನೆಯೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆರ್ಕಿಟೆಕ್ಟರ ಶುಲ್ಕ ಹಂತಹಂತವಾಗಿ ಬರುತ್ತದೆ. ಆರಂಭದ ಹಂತಕ್ಕೆ ಸಣ್ಣ ಕಂತು, ಕೆಲಸಕ್ಕೆ ಬೇಕಾದ ಡ್ರಾಯಿಂಗ್ ಕೊಡುವಾಗ ದೊಡ್ಡ ಕಂತು. ಶ್ರಮವನ್ನು ಮುಂಚೆ ಮಾಡಿ ಅಂತ ಹೇಳಿ ಹಣವನ್ನು ಹಿಂದಿನಂತೆಯೇ ಕೊನೆಯಲ್ಲಿ ಕೊಟ್ಟರೆ ಯಾವ ಕಚೇರಿಯೂ ನಡೆಯುವುದಿಲ್ಲ. ಶುಲ್ಕದ ಕಂತುಗಳನ್ನೂ ಆರಂಭದ ಹಂತಗಳಿಗೆ ತರಬೇಕಾಗುತ್ತದೆ.

ಮನೆ ಕೊಳ್ಳುವವರ ದೃಷ್ಟಿಯಿಂದಲೂ ಇದು ಮುಖ್ಯ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಮಂಜೂರಾದ ಕಟ್ಟಡದ ವಿನ್ಯಾಸದಲ್ಲಿ ದೊಡ್ಡ ಬದಲಾವಣೆ ಮಾಡಬೇಕಾದರೆ ಮನೆ ಕಾಯ್ದಿರಿಸಿದವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ತಡವಾಗಿ ಹೊಳೆದ ತೀರ್ಮಾನಕ್ಕೆ ಈಗ ಕಾನೂನಿನ ಬೆಲೆಯೂ ಇದೆ.

ಕಡತ ಎಲ್ಲಿದೆ?

ಈಗ ಬಹುಪಾಲು ಸೈಟುಗಳಲ್ಲಿ ಡ್ರಾಯಿಂಗ್ ಓಡಾಡುವುದು ವಾಟ್ಸ್‌ಆ್ಯಪ್‌ನಲ್ಲಿ. ‘ಫೈನಲ್’, ‘ಫೈನಲ್ 2’, ‘ಲೇಟೆಸ್ಟ್ ಫೈನಲ್’ ಅಂತ ಹೆಸರು. ಕಂಬಿ ಬಾಗಿಸುವವರ ಕೈಯಲ್ಲಿ ಒಂದು, ಸೆಂಟ್ರಿಂಗಿನವರ ಕೈಯಲ್ಲಿ ಹಿಂದಿನದು.

2018ರ ಕೊನೆಯಲ್ಲಿ ಪ್ರಕಟವಾದ ಐಎಸ್ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೆ ಸರಳವಾದ ಕ್ರಮವೊಂದನ್ನು ಹೇಳುತ್ತದೆ. ಎಲ್ಲ ಕಡತಗಳೂ ಒಂದೇ ಜಾಗದಲ್ಲಿರಬೇಕು, ಪ್ರತಿಯೊಂದಕ್ಕೂ ಸ್ಥಿತಿ ನಮೂದಾಗಿರಬೇಕು. ಬರೆಯುತ್ತಿರುವುದು ಬರೆಯುವವರ ತಂಡಕ್ಕಷ್ಟೇ ಕಾಣಬೇಕು. ಪರಿಶೀಲಿಸಿದ ಮೇಲೆ ಉಳಿದ ಸಲಹೆಗಾರರಿಗೆ ಹಂಚಬೇಕು. ಒಪ್ಪಿಗೆಯಾದದ್ದು ‘ಪ್ರಕಟಿತ’, ಕಟ್ಟುವವರು ನೋಡಬೇಕಾದದ್ದು ಅದೊಂದನ್ನೇ. ಹಳೆಯದು ದಾಖಲೆಯ ಕೋಣೆಗೆ. ನಾಡಕಚೇರಿಯ ಟಪಾಲು ಪುಸ್ತಕದಷ್ಟೇ ಸಾದಾ ವಿಚಾರ. ಪಾಲಿಸುವುದು ಮಾತ್ರ ಕಷ್ಟ, ಏಕೆಂದರೆ ‘ಸ್ವಲ್ಪ ಅರ್ಜೆಂಟು, ಫೋಟೊ ಹೊಡೆದು ಕಳಿಸಿ’ ಅನ್ನುವ ಮಾಲೀಕರೇ ಮೊದಲು ಈ ನಿಯಮ ಮುರಿಯುತ್ತಾರೆ.

ಯಾವ ಹಂತದಲ್ಲಿ ಮಾದರಿಯಲ್ಲಿ ಎಷ್ಟು ವಿವರ ಇರಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕೆ ಎಲ್ಒಡಿ ಎಂಬ ಮೆಟ್ಟಿಲುಗಳಿವೆ. 200 ಅಂದರೆ ಅಂದಾಜು ಗಾತ್ರ, 300 ಅಂದರೆ ಖಚಿತ ಅಳತೆ, 400 ಅಂದರೆ ಕಾರ್ಖಾನೆಯಲ್ಲಿ ನೇರವಾಗಿ ತಯಾರಿಸುವಷ್ಟು ವಿವರ. ಎಲ್ಲವನ್ನೂ 400ಕ್ಕೆ ಮಾಡಿಸಲು ಹೊರಟರೆ ದುಡ್ಡು, ಸಮಯ ಎರಡೂ ಕರಗುತ್ತವೆ. ಬಾಗಿಲಿನ ಹಿಡಿಯ ಸ್ಕ್ರೂವನ್ನು ಮಾದರಿಯಲ್ಲಿ ತೋರಿಸಬೇಕಾದ ಅಗತ್ಯವೇನೂ ಇಲ್ಲ.

ಯಾರು ಯಾರಿಗೆ ದಾರಿ ಬಿಡಬೇಕು?

ಎಲ್ಲ ವಿಭಾಗಗಳ ಮಾದರಿಗಳನ್ನು ಒಟ್ಟಿಗೆ ಕೂಡಿಸಿದಾಗ ಒಂದರೊಳಗೊಂದು ನುಗ್ಗಿರುವ ಜಾಗಗಳನ್ನು ಕಂಪ್ಯೂಟರ್ ಪಟ್ಟಿ ಮಾಡಿಕೊಡುತ್ತದೆ. ಇವಕ್ಕೆ ಕ್ಲ್ಯಾಶ್ ಅನ್ನುತ್ತಾರೆ. ಮೊದಲ ಸಲ ಓಡಿಸಿದಾಗ ಸಾವಿರಗಟ್ಟಲೆ ಬಂದರೂ ಹೆದರಬೇಕಿಲ್ಲ. ಒಂದೇ ಪೈಪು ಸಾಲಾಗಿ ಹತ್ತು ಬೀಮಿಗೆ ತಾಗಿದರೆ ಹತ್ತು ಕ್ಲ್ಯಾಶ್ ಎಂದು ತೋರಿಸುತ್ತದೆ, ಸರಿಮಾಡಬೇಕಾದದ್ದು ಒಂದೇ.

ಪಟ್ಟಿ ಬಂದ ಮೇಲಿನ ಕೆಲಸವೇ ನಿಜವಾದ ಕೆಲಸ. ಕಂಪ್ಯೂಟರ್ ತಾಗುತ್ತದೆ ಎಂದು ಹೇಳುತ್ತದೆಯೇ ಹೊರತು ಯಾರು ಸರಿಯಬೇಕು ಎಂದು ಹೇಳುವುದಿಲ್ಲ. ಅದಕ್ಕೊಂದು ಸರದಿ ಬೇಕು. ಸಾಮಾನ್ಯವಾಗಿ ಬೀಮು, ಕಂಬಗಳು ಅಲುಗುವುದಿಲ್ಲ. ಆಮೇಲೆ ಕೊಳಚೆ ಪೈಪು. ಅದು ತನ್ನ ಇಳಿಜಾರಿನಲ್ಲೇ ಹರಿಯಬೇಕು. 60ಕ್ಕೆ 1ರ ಇಳಿಜಾರಿನಲ್ಲಿ 12 ಮೀಟರ್ ಓಡಿದರೆ 200 ಮಿಲಿಮೀಟರ್ ಕೆಳಗಿಳಿದಿರುತ್ತದೆ. ನಡುವೆ ಎತ್ತಿ ಇಳಿಸುವಂತಿಲ್ಲ. ಅದರ ನಂತರ ದೊಡ್ಡ ಗಾಳಿ ಡಕ್ಟುಗಳು. ಆಮೇಲೆ ಬೆಂಕಿ ನಂದಿಸುವ ನೀರಿನ ಪೈಪು. ಒತ್ತಡದಲ್ಲಿ ಹರಿಯುವ ಕುಡಿಯುವ ನೀರಿನ ಪೈಪು, ವಿದ್ಯುತ್ ಕೊಳವೆಗಳು ಸುತ್ತಿ ಬಳಸಿ ಹೋಗಬಲ್ಲವು, ಆದ್ದರಿಂದ ಅವೇ ದಾರಿ ಬಿಡಬೇಕು. ನಮ್ಮ ಬೇಸ್‌ಮೆಂಟಿನಲ್ಲಿ ಈ ಸರದಿ ಯಾರೂ ಗೊತ್ತುಮಾಡಿರಲಿಲ್ಲ. ಡಕ್ಟಿನವರು ಮೊದಲು ಬಂದರು, ಮೊದಲು ಜಾಗ ಹಿಡಿದರು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಟವಲ್ ಹಾಕಿ ಸೀಟು ಹಿಡಿದ ಹಾಗೆ.

ಆದ್ದರಿಂದ ಹೊಸ ಕ್ರಮದಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಿ, ಎಲ್ಲ ವಿಭಾಗದವರೂ ಒಂದೇ ಪರದೆಯ ಮುಂದೆ ಕೂತು, ಪ್ರತಿ ಕ್ಲ್ಯಾಶಿನ ಎದುರು ಒಬ್ಬರ ಹೆಸರು, ಒಂದು ದಿನಾಂಕ ಬರೆಯುವುದು ಇರಲೇಬೇಕು. ಆ ಸಭೆಗೆ ಬರುವವರಿಗೆ ಅಲ್ಲೇ ತೀರ್ಮಾನಿಸುವ ಅಧಿಕಾರವೂ ಇರಬೇಕು. ‘ನಮ್ಮ ಸಾಹೇಬರನ್ನು ಕೇಳಿ ಹೇಳ್ತೀನಿ’ ಎಂಬ ಉತ್ತರಕ್ಕೆ ಇನ್ನೊಂದು ವಾರ ಹೋಗುತ್ತದೆ.

ಅಳತೆ ಮತ್ತು ಬಿಲ್ಲು

ಮಾದರಿಯಿಂದ ಬ್ಲಾಕು, ಕಾಂಕ್ರೀಟು, ಗಾರೆ ಎಲ್ಲದರ ಲೆಕ್ಕ ತಾನಾಗಿ ಬರುತ್ತದೆ ಎಂದು ಮಾರುವವರು ಹೇಳುತ್ತಾರೆ. ಬರುತ್ತದೆ. ಆದರೆ ಅದು ನಮ್ಮ ಬಿಲ್ಲಿನ ಲೆಕ್ಕವಾಗಿರುವುದಿಲ್ಲ.

ಭಾರತದಲ್ಲಿ ಕಟ್ಟಡದ ಅಳತೆಗೆ ಐಎಸ್ 1200 ಎಂಬ ಮಾನದಂಡವಿದೆ. ಗಾರೆಯ ಅಳತೆಯಲ್ಲಿ ಅರ್ಧ ಚದರ ಮೀಟರಿಗಿಂತ ಸಣ್ಣ ಕಿಂಡಿ ಇದ್ದರೆ ಅದನ್ನು ಕಳೆಯುವುದಿಲ್ಲ. ಅರ್ಧದಿಂದ ಮೂರು ಚದರ ಮೀಟರಿನ ತನಕದ ಬಾಗಿಲು, ಕಿಟಕಿಗಳಿಗೆ ಗೋಡೆಯ ಒಂದು ಬದಿಯಲ್ಲಿ ಮಾತ್ರ ಕಳೆಯುತ್ತಾರೆ. ಇನ್ನೊಂದು ಬದಿ ಕಳೆಯದೆ ಬಿಡುವುದು ಕಿಂಡಿಯ ಅಂಚುಗಳಿಗೆ ಬಳಿಯುವ ಗಾರೆಗೆ ಸರಿಹೋಗಲಿ ಎಂಬ ಲೆಕ್ಕದಿಂದ. ಸಾಫ್ಟ್‌ವೇರಿಗೆ ಈ ವ್ಯವಹಾರ ಗೊತ್ತಿಲ್ಲ. ಅದು ಇದ್ದ ಕಿಂಡಿಯನ್ನೆಲ್ಲ ಎರಡೂ ಬದಿ ಕಳೆದು ನಿವ್ವಳ ವಿಸ್ತೀರ್ಣ ಕೊಡುತ್ತದೆ. ಆ ಅಂಕಿಯನ್ನು ಹಾಗೇ ಬಿಲ್ಲಿಗೆ ಹಾಕಿದರೆ ಗಾರೆ ಮೇಸ್ತ್ರಿಗೆ ಪ್ರತಿ ಬಾಗಿಲಿನಲ್ಲೂ ನಷ್ಟ. ಅವರು ನಿಮ್ಮ ಕಂಪ್ಯೂಟರನ್ನು ನಂಬದೆ ಟೇಪು ಹಿಡಿದು ಬಂದರೆ ಅದು ನ್ಯಾಯವೇ.

ಹಾಗಾಗಿ ಮಾದರಿ ಮಾಡುವವರೂ ಬಿಲ್ಲು ಮಾಡುವವರೂ ಆರಂಭದಲ್ಲೇ ಕೂತು, ಯಾವ ಅಂಕಿಯನ್ನು ಮಾದರಿಯಿಂದ ನೇರವಾಗಿ ತೆಗೆಯಬಹುದು, ಯಾವುದಕ್ಕೆ ತಿದ್ದುಪಡಿಯ ಸೂತ್ರ ಬೇಕು, ಯಾವುದನ್ನು ಸೈಟಿನಲ್ಲೇ ಅಳೆಯಬೇಕು ಎಂದು ಪಟ್ಟಿ ಮಾಡಿಕೊಳ್ಳಬೇಕು. ಕಾಂಕ್ರೀಟ್, ಬಾಗಿಲು ಕಿಟಕಿಗಳ ಎಣಿಕೆ ಮೊದಲ ಗುಂಪಿಗೆ ಚೆನ್ನಾಗಿ ಹೊಂದುತ್ತವೆ. ಗಾರೆ ಎರಡನೆಯದಕ್ಕೆ. ಪಾಯದ ಮಣ್ಣು ಅಗೆತ ಮೂರನೆಯದಕ್ಕೆ.

ಹನ್ನೊಂದು ಸಹಿಯ ಒಂದು ಕರಾರು

ಕೆಲಸದ ಕ್ರಮ ಬದಲಿಸುವುದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೊ ವ್ಯಾಲಿ ಎಂಬ ಊರಿನ ಆಸ್ಪತ್ರೆ ಒಳ್ಳೆಯ ಉದಾಹರಣೆ. ಸಟರ್ ಹೆಲ್ತ್ ಸಂಸ್ಥೆ ಅಲ್ಲಿ 130 ಹಾಸಿಗೆಯ ಹೊಸ ಆಸ್ಪತ್ರೆ ಕಟ್ಟಬೇಕಿತ್ತು. ಭೂಕಂಪ ಸುರಕ್ಷತೆಯ ಕಾನೂನು ಗಡುವು ಹಾಕಿತ್ತು. ಖರ್ಚು ಸುಮಾರು 32 ಕೋಟಿ ಡಾಲರ್ ದಾಟಬಾರದೆಂದು ಗೊತ್ತುಮಾಡಿದ್ದರು.

ಸಾಮಾನ್ಯವಾಗಿ ಮಾಲೀಕರು ಆರ್ಕಿಟೆಕ್ಟರ ಜೊತೆ ಒಂದು ಕರಾರು, ಗುತ್ತಿಗೆದಾರರ ಜೊತೆ ಇನ್ನೊಂದು ಕರಾರು ಮಾಡಿಕೊಳ್ಳುತ್ತಾರೆ, ಉಪಗುತ್ತಿಗೆದಾರರದ್ದು ಬೇರೆಯೇ. ಎಲ್ಲರೂ ತಮ್ಮ ತಮ್ಮ ಕಾಗದ ಹಿಡಿದು ತಮ್ಮ ತಮ್ಮ ಲಾಭ ನೋಡಿಕೊಳ್ಳುತ್ತಾರೆ. ಇಲ್ಲಿ ಮಾಲೀಕರು, ಆರ್ಕಿಟೆಕ್ಟ್, ಗುತ್ತಿಗೆದಾರ, ಮುಖ್ಯ ಉಪಗುತ್ತಿಗೆದಾರರು, ಸಲಹೆಗಾರರು ಸೇರಿ ಹನ್ನೊಂದು ಪಕ್ಷಗಳು ಒಂದೇ ಕರಾರಿಗೆ ಸಹಿ ಹಾಕಿದವು. ವಿನ್ಯಾಸ ಮಾಡುವವರ, ಕಟ್ಟುವವರ ಲಾಭದ ಪಾಲನ್ನು ಒಂದೇ ನಿಧಿಯಲ್ಲಿಟ್ಟರು. ಖರ್ಚು ಮೀರಿದರೆ ಆ ನಿಧಿ ಎಲ್ಲರಿಗೂ ಕರಗುತ್ತದೆ, ಉಳಿದರೆ ಎಲ್ಲರಿಗೂ ಪಾಲು.

ಇಲ್ಲಿಗೆ ಮುಖ್ಯವಾದ ಸಂಗತಿ ಇನ್ನೊಂದು. ಅವರು ಡ್ರಾಯಿಂಗಿಗೆ ಕೈಹಾಕುವ ಮೊದಲು ಕೆಲಸದ ಹರಿವನ್ನೇ ಗೋಡೆಯ ಮೇಲೆ ಚೀಟಿ ಅಂಟಿಸಿ ಬರೆದುಕೊಂಡರು. ಯಾರಿಗೆ ಯಾವ ಮಾಹಿತಿ ಯಾವಾಗ ಬೇಕು, ಅದನ್ನು ಯಾರು ಕೊಡಬೇಕು ಎಂದು. ತಂಡಗಳು ಒಂದೇ ದೊಡ್ಡ ಕೋಣೆಯಲ್ಲಿ ನಿಯಮಿತವಾಗಿ ಸೇರಿ ಮಾದರಿಯ ಮುಂದೆ ಕೂತವು. ಪೈಪು ಹಾಕುವ ಕಂಪನಿಯವರು ಪೈಪಿನ ಮಾದರಿಯನ್ನು ತಾವೇ ಮಾಡಿದರು, ಏಕೆಂದರೆ ಅದನ್ನು ಹಾಕುವವರು ಅವರೇ. ಆಸ್ಪತ್ರೆ 2012ರ ಕೊನೆಯಲ್ಲಿ, ಗಡುವಿನೊಳಗೆ ತೆರೆಯಿತು.

ನಮ್ಮಲ್ಲಿ, ಅದರಲ್ಲೂ ಕಡಿಮೆ ದರ ಬರೆದವರಿಗೇ ಕೆಲಸ ಎಂಬ ಸರ್ಕಾರಿ ಟೆಂಡರುಗಳಲ್ಲಿ, ಇಂಥ ಕರಾರು ಇವತ್ತಿಗೆ ದೂರದ ಮಾತು. ಮಾಮೂಲಿ ಕರಾರಿನಲ್ಲೇ ಮೂರು ಸಾಲು ಸೇರಿಸಲು ಅಡ್ಡಿಯಿಲ್ಲ. ಮಾದರಿಗೂ ಡ್ರಾಯಿಂಗಿಗೂ ವ್ಯತ್ಯಾಸ ಬಂದರೆ ಯಾವುದು ಅಂತಿಮ? ಮಾದರಿ ಯಾರ ಸ್ವತ್ತು? ಕೆಲಸ ಮುಗಿದ ಮೇಲೆ ಅದನ್ನು ಯಾವ ರೂಪದಲ್ಲಿ, ಯಾರಿಗೆ ಒಪ್ಪಿಸಬೇಕು? ಕೊನೆಯ ಪ್ರಶ್ನೆ ಮನೆ ಕೊಂಡವರಿಗೆ ಬಹಳ ಮುಖ್ಯ. ಹತ್ತು ವರ್ಷ ಕಳೆದು ಗೋಡೆಯೊಳಗೆ ನೀರು ಸೋರಿದಾಗ ವಾಲ್ವ್ ಎಲ್ಲಿದೆ ಅಂತ ಟೈಲ್ಸ್ ಒಡೆದು ಹುಡುಕಬೇಕೋ, ಪರದೆಯಲ್ಲಿ ನೋಡಿ ಹೇಳಬಹುದೋ ಎಂಬುದು ಅದರ ಮೇಲೆ ನಿಂತಿದೆ.

ಸಣ್ಣ ಗುತ್ತಿಗೆದಾರರು ಎಲ್ಲಿಂದ ಶುರು ಮಾಡಬಹುದು?

ಇಡೀ ಕಂಪನಿಯನ್ನು ಒಂದೇ ಸಲ ಬದಲಿಸಲು ಹೋಗಬೇಡಿ. ಒಂದು ಕೆಲಸ, ಅದರಲ್ಲಿ ಒಂದು ಭಾಗ ಸಾಕು. ಬೇಸ್‌ಮೆಂಟ್ ಅಥವಾ ಸ್ನಾನದ ಮನೆಗಳ ಪೈಪು, ಡಕ್ಟುಗಳ ಹೊಂದಾಣಿಕೆಯಿಂದ ಶುರು ಮಾಡುವುದು ಒಳ್ಳೆಯದು. ತಪ್ಪು ಹೆಚ್ಚು ನಡೆಯುವುದು ಅಲ್ಲೇ, ಲಾಭ ಬೇಗ ಕಣ್ಣಿಗೆ ಕಾಣುವುದೂ ಅಲ್ಲೇ. ಮೊದಲ ಕೆಲಸದಲ್ಲಿ ವೇಗ ಕಡಿಮೆಯಾಗುತ್ತದೆ. ಅದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಬೇಕು.

ಸಾಫ್ಟ್‌ವೇರ್ ಬಲ್ಲ ಹುಡುಗರನ್ನು ಮೂಲೆಯ ಕ್ಯಾಬಿನ್ನಿನಿಂದ ಎಬ್ಬಿಸಿ ಸೈಟಿಗೆ ಕರೆತನ್ನಿ. ಸೈಟಿನವರನ್ನು ಪರದೆಯ ಮುಂದೆ ಕೂರಿಸಿ. ಎರಡನೆಯದು ಹೆಚ್ಚು ಕಷ್ಟ. ಮೂವತ್ತು ವರ್ಷ ಅನುಭವವಿರುವ ಮೇಸ್ತ್ರಿಗೆ ಕಂಪ್ಯೂಟರ್ ಮುಂದೆ ಮಾತಾಡಲು ಸಂಕೋಚ, ಇಪ್ಪತ್ತೆರಡರ ಹುಡುಗಿಗೆ ಅವರನ್ನು ಕೇಳಲು ಸಂಕೋಚ.

ಬೇಸ್‌ಮೆಂಟಿನ ಆ ಒಂಬತ್ತು ದಿನದ ನಂತರ, ಬೇರೊಂದು ಕೆಲಸದಲ್ಲಿ, ನಾವು ಹಾಗೆ ಮಾಡಿ ನೋಡಿದೆವು. ಮಂಗಳವಾರದ ಸಭೆಗೆ ಪ್ಲಂಬಿಂಗ್ ಮೇಸ್ತ್ರಿಯನ್ನೂ ಕರೆದೆವು. ಪಂಪ್ ರೂಮಿನ ಮಾದರಿ ಪರದೆಯ ಮೇಲಿತ್ತು. ಕಂಪ್ಯೂಟರಿನ ಪ್ರಕಾರ ಒಂದು ಕ್ಲ್ಯಾಶೂ ಉಳಿದಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಎದ್ದು ಹೋಗಿ ಗೋಡೆಗೂ ವಾಲ್ವಿಗೂ ನಡುವಿನ ಸಂದಿಯ ಮೇಲೆ ಬೆರಳಿಟ್ಟರು.

"ಇದು ಎಷ್ಟು ಜಾಗ ಮೇಡಂ?"

"ನೂರಿಪ್ಪತ್ತು ಎಂಎಂ," ಅಂದಳು ಮಾದರಿ ಮಾಡಿದ ಹುಡುಗಿ.

"ಪೈಪೇನೋ ಕೂರತ್ತೆ. ಬೋಲ್ಟ್ ಬಿಗಿ ಮಾಡೋಕೆ ಸ್ಪ್ಯಾನರ್ ತಿರುಗಬೇಕಲ್ಲ, ನನ್ನ ಕೈ ಎಲ್ಲಿ ಇಡ್ಲಿ?"

ಅವಳು ವಾಲ್ವಿನ ಸುತ್ತ ಕೈ ಆಡುವಷ್ಟು ಜಾಗವನ್ನು ಒಂದು ಪಾರದರ್ಶಕ ಪೆಟ್ಟಿಗೆಯಾಗಿ ಮಾದರಿಗೆ ಸೇರಿಸಿ ಮತ್ತೆ ಓಡಿಸಿದಳು. ಹದಿನಾಲ್ಕು ಕಡೆ ಕೆಂಪಾಯಿತು. ಮೇಸ್ತ್ರಿ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.